ತಾಳೆ ನೋಡುತ್ತಿದ್ದ ಸೋಮಲಿಂಗಪ್ಪನವರು

ಸೋಮಲಿಂಗಪ್ಪನವರು ಯಾವ ಪ್ರಶ್ನೆಗೂ ಕೂಡಲೇ ಉತ್ತರ ಕೊಡುವವರಲ್ಲ. ಗಂಟೆಯೆಷ್ಟು ಎಂದು ಕೇಳಿದರೆ, ಮಣಿಕಟ್ಟಿನಲ್ಲಿ ಗಡಿಯಾರವಿದ್ದರೂ, “ನೋಡಿ ಹೇಳ್ತೀನ್ರಿ” ಎಂದು ಒಳಗೆ ಹೋಗಿ ಗೋಡೆಗಡಿಯಾರವನ್ನು ನೋಡುವರು; ಎರಡೂ ಒಂದೇ ಸಮಯ ತೋರಿಸುತ್ತಿದ್ದರೆ ಹೊರಬಂದು ಹೇಳುವರು, ಇಲ್ಲದಿದ್ದರೆ ರೇಡಿಯೊ ಹಚ್ಚಿ ಕೂರುವರು; ಅಷ್ಟರಲ್ಲಿ ಕೇಳಿದವನು ಬಸ್ಸು ಹತ್ತಿ ಹೋಗಿರುತ್ತಿದ್ದ. ಊಟವಾಯಿತೇ ಎಂಬ ಲೋಕಾಭಿರಾಮದ ಮಾತಿಗೂ ಒಮ್ಮೆ ಹೆಂಡತಿ ಹುಲಿಗೆವ್ವನ ಕಡೆ ತಿರುಗಿ, ಆಕೆ ತಲೆಯಾಡಿಸಿದ ಮೇಲೆಯೇ “ಹೌದ್ರಿ, ಆತು” ಎನ್ನುವರು. ಅವರನ್ನು ಮಂದಬುದ್ಧಿಯವರೆಂದು ತಿಳಿದವರು ಕೇರಿಯಲ್ಲಿ ಕೆಲವರಿದ್ದರು. ಒಂದು ಸಾಕ್ಷಿಯನ್ನು ಇನ್ನೊಂದರೊಡನೆ ತಾಳೆ ನೋಡದೆ ಬಾಯಿ ತೆರೆಯಬಾರದೆಂಬುದು ಅವರ ವೃತ್ತಿ ಕಲಿಸಿದ ಶಿಸ್ತು. ಅದು ವೃತ್ತಿಯ ಗಡಿ ದಾಟಿ ಮನೆಯ ಹೊಸ್ತಿಲೊಳಗೂ ಬಂದು ನೆಲೆಸಿತ್ತು, ಅಷ್ಟೆ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವಿಬ್ಬರೂ ಬಿಟಿಎಂ ಲೇಔಟಿನಲ್ಲಿ ಬೈರಣ್ಣನವರ ಬಾಡಿಗೆದಾರರಾಗಿದ್ದೆವು. ಬೈರಣ್ಣ ಮಡಿವಾಳದ ಕಡೆಯ ಹಳೆಯ ಒಕ್ಕಲು ಮನೆತನದವರು; ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದ ತುಂಡು ನೆಲದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ರಸ್ತೆಗೆ ಮುಖ ಮಾಡಿ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದರು. ಮುಂದುಗಡೆಯ ಹಳೆಯ ಹೆಂಚಿನ ಮನೆಯಲ್ಲಿ ಅವರ ಸಂಸಾರ ಮತ್ತು ತಾಯಿ ಮುನಿವೆಂಕಟಮ್ಮ. ಹಿಂದಿನ ಕಟ್ಟಡದ ಕೆಳಗಿನ ಮನೆಯಲ್ಲಿ ಸೋಮಲಿಂಗಪ್ಪನವರು. ಮೇಲಿನದರಲ್ಲಿ ನಾನು, ಜಯನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವನು. ಸೋಮಲಿಂಗಪ್ಪನವರ ಊರು ಕೊಪ್ಪಳದ ಕಡೆ. ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಕಾರ್ಖಾನೆಗಳಲ್ಲಿ ದುಡಿದು, ಕೊನೆಗೆ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಹೆಂಡತಿಯೊಡನೆ ಈ ಬಡಾವಣೆಗೆ ಬಂದಿದ್ದರು.

ಅವರ ಕೋಟನ್ನು ನೆನೆಯದೆ ಅವರನ್ನು ನೆನೆಯುವುದು ನನ್ನಿಂದಾಗದು. ಬೂದುಬಣ್ಣದ ಟೆರಿಕಾಟ್ ಕೋಟು, ಮದುವೆಗೆಂದು ಹೊಲಿಸಿದ್ದು; ಏಪ್ರಿಲ್ ತಿಂಗಳ ಧಗೆಯಲ್ಲೂ ಅದು ಮೈಮೇಲಿರುತ್ತಿತ್ತು. ಎಡಜೇಬಿನಲ್ಲಿ ಸದಾ ಒಂದು ದಪ್ಪ ಸ್ಪ್ಯಾನರು. ಅದರ ಭಾರಕ್ಕೆ ಕೋಟಿನ ಎಡಗಡೆ ಜೋತುಬಿದ್ದು, ವರ್ಷಗಳು ಕಳೆದಂತೆ ಒಳಗಿನ ಮನುಷ್ಯನೂ ಅದೇ ಕಡೆಗೆ ವಾಲಿ, ರಸ್ತೆಯಲ್ಲಿ ಅವರು ನಡೆದುಬರುವಾಗ ಯಾರೋ ಎಡಗೈ ಹಿಡಿದು ಮೆಲ್ಲಗೆ ಪಕ್ಕಕ್ಕೆಳೆಯುತ್ತಿದ್ದಾರೆ ಎನ್ನಿಸುತ್ತಿತ್ತು. ಬಲಜೇಬಿನಲ್ಲಿ ಹೋಮಿಯೋಪತಿಯ ಪುಟ್ಟ ಶೀಷೆ, ಅದರ ತುಂಬ ಸೋಪಿನ ನೀರು. ವಠಾರದಲ್ಲಿ ಯಾರ ಮನೆಯ ಅಡುಗೆ ಗ್ಯಾಸು ಮುಗಿದು ಹೊಸ ಸಿಲಿಂಡರು ಬಂದರೂ, ಹೇಳಿಕಳಿಸದಿದ್ದರೂ ಅವರು ಹಾಜರು. ರೆಗ್ಯುಲೇಟರಿನ ಸುತ್ತ ಹನಿಹನಿಯಾಗಿ ಸೋಪಿನ ನೀರು ಬಿಟ್ಟು, ಗುಳ್ಳೆ ಏಳುತ್ತದೆಯೋ ಎಂದು ಕುಕ್ಕರುಗಾಲಲ್ಲಿ ಕುಳಿತು ನೋಡುವರು. ಒಲೆಯ ಮೇಲೆ ಹಾಲಿಡಲು ಕಾದು ನಿಂತ ನನ್ನ ಹೆಂಡತಿ ಎಷ್ಟೋ ಸಲ ಸಹನೆ ಕಳೆದುಕೊಂಡಿದ್ದಳು. “ಇನ್ನೊಂದ್ ಸ್ವಲ್ಪ ತಡೀರಿ ಅಕ್ಕಾರ, ಗುಳ್ಳಿ ಏಳ್ಲಿಲ್ಲ ಅಂದ್ರ ನಾನೇ ಏಳ್ತೀನಿ” ಎನ್ನುವರು. ಅವರ ಬಾಯಲ್ಲಿ ಬಂದ ಹಾಸ್ಯೋಕ್ತಿ ನನಗೆ ನೆನಪಿರುವುದು ಅದೊಂದೇ.

ಒಮ್ಮೆ ಜ್ವರದ ಔಷಧಿಗೆಂದು ಆ ನರ್ಸಿಂಗ್ ಹೋಮಿಗೆ ಹೋಗಿದ್ದಾಗ ಅವರು ನನ್ನನ್ನು ತಮ್ಮ ಪ್ರಯೋಗಶಾಲೆಗೆ ಕರೆದೊಯ್ದರು. ಉಸಿರಾಟದ ತೊಂದರೆಯಿರುವ ರೋಗಿಗಳ ರಕ್ತದಲ್ಲಿ ಆಮ್ಲಜನಕವೆಷ್ಟು, ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದು ಹೇಳುವ ಯಂತ್ರವೊಂದು ಅಲ್ಲಿತ್ತು. ಪಕ್ಕದಲ್ಲಿ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಅನಿಲದ ಸಿಲಿಂಡರು. ಅದೇಕೆಂದು ಕೇಳಿದೆ. ಎಂದಿನಂತೆ ತಡೆದು, ಯಂತ್ರವನ್ನೊಮ್ಮೆ ಸಿಲಿಂಡರನ್ನೊಮ್ಮೆ ನೋಡಿ ಹೇಳಿದರು: “ಮಷೀನಿಗೆ ತಾನಾಗೇ ಏನೂ ಗೊತ್ತಿರೂದಿಲ್ರಿ ಸರ. ಈ ಸಿಲಿಂಡರದಾಗ ಇರೂ ಕಾರ್ಬನ್ ಡೈಆಕ್ಸೈಡ್ ನೂರಕ್ಕ ಐದು ಅಂತ ನಾವು ಹೇಳಿದ್ರ, ಅದು ಐದು ಅಂತ ನಂಬ್ತೈತಿ. ಆಮ್ಯಾಲೆ ಎಲ್ಲಾರ ರಕ್ತಾನೂ ಅದ್ರ ಮ್ಯಾಲೇ ಅಳೀತೈತಿ. ಒಳಗ ನಾಕೇ ಇತ್ತು ಅನ್ಕೋರಿ, ನಾಕನ್ನ ಐದು ಅಂತ ಕಲ್ತುಬಿಡ್ತೈತಿ. ಎಲ್ಲಾರಿಗೂ ಹೆಚ್ಚಿಗಿ ಹೇಳ್ಕೋತ ಹೋಗ್ತೈತಿ.”

ಆದ್ದರಿಂದಲೇ ಹೊಸ ಸಿಲಿಂಡರನ್ನು ಯಂತ್ರಕ್ಕೆ ಜೋಡಿಸುವುದು ಅವರಿಗೆ ಒಂದು ವ್ರತದಂತಿತ್ತು. ಲಾರಿಯಲ್ಲಿ ಬಿಸಿಲಿಗೆ ಕಾದು ಬಂದದ್ದನ್ನು, ಮೊದಲು ಕೋಣೆಯ ತಂಪಿಗೆ ಹೊಂದಿಕೊಳ್ಳಲೆಂದು ಒಂದು ದಿನ ಸುಮ್ಮನೆ ನಿಲ್ಲಿಸುವರು. ಕತ್ತಿನ ಮೇಲೆ ಕೊರೆದ ಅಂಕಿಯನ್ನೂ ಜೊತೆಗೆ ಬಂದ ಕಾಗದದ ಅಂಕಿಯನ್ನೂ ಬೆರಳಿಟ್ಟು ಓದುವರು. ಬಾಯಿಯಲ್ಲಿ ಕುಳಿತ ಧೂಳು ಹಾರಿಹೋಗಲೆಂದು ಕವಾಟವನ್ನು ಕ್ಷಣಮಾತ್ರ ತೆರೆದು ಮುಚ್ಚಿದಾಗ ಫುಸ್ಸೆಂದು ಸದ್ದಾಗುವುದು; ಆ ಸದ್ದಿಗೆ ತಲೆಯನ್ನು ಒಂದು ಬಗೆಯಾಗಿ ಓರೆ ಮಾಡಿ ಕಿವಿಗೊಡುವರು. ರೆಗ್ಯುಲೇಟರು ಬಿಗಿದ ಮೇಲೆ ತೆರೆದು, ಮತ್ತೆ ಮುಚ್ಚಿ, ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆಯೋ ಎಂದು ಕಾಯುವರು. ಆಮೇಲೆ ಸೋಪಿನ ನೀರು. ಆಮೇಲೆ ನಳಿಗೆಯೊಳಗೆ ಸಿಕ್ಕಿಕೊಂಡ ಕೋಣೆಯ ಗಾಳಿಯೆಲ್ಲ ಹೊರಟುಹೋಗುವಂತೆ ಅನಿಲವನ್ನು ಬಿಟ್ಟು, ನಿಲ್ಲಿಸಿ, ಮತ್ತೆ ಬಿಡುವರು. ಇಷ್ಟನ್ನು ಆ ಕೆಲಸ ಬಲ್ಲ ಯಾರಾದರೂ ಮಾಡಿಯಾರು. ಸೋಮಲಿಂಗಪ್ಪನವರ ಸ್ವಂತದ್ದೆಂಬುದು ಕೊನೆಯ ಒಂದು ಹೆಜ್ಜೆ: ಹಳೆಯ ಸಿಲಿಂಡರನ್ನು ಪೂರ್ತಿ ಬರಿದಾಗಲು ಅವರು ಬಿಡುತ್ತಿರಲಿಲ್ಲ. ತಳದಲ್ಲಿ ಉಳಿಸಿಕೊಂಡ ಆ ಹಳೆಯ ಅನಿಲದಿಂದ ಯಂತ್ರಕ್ಕೆ ಪಾಠ ಹೇಳಿ, ಹೊಸ ಅನಿಲವನ್ನು ಅದರ ಮುಂದೆ ಗುರುತಿಲ್ಲದ ಅತಿಥಿಯಂತೆ ನಿಲ್ಲಿಸಿ, ‘ಇದೆಷ್ಟು?’ ಎಂದು ಕೇಳುವರು. ಯಂತ್ರ ಹೇಳಿದ್ದೂ ಲೇಬಲ್ಲು ಹೇಳಿದ್ದೂ ಒಂದೇ ಆದರೆ, ಆಗ ಮಾತ್ರ ಹೊಸದಕ್ಕೆ ಪ್ರವೇಶ.

ಆ ಹೆಜ್ಜೆಯನ್ನು ಅವರು ತಪ್ಪಿಸಿದ್ದು, ನನಗೆ ತಿಳಿದಂತೆ, ಒಂದೇ ಸಲ.

ಮುನಿವೆಂಕಟಮ್ಮ ಆಗ ಎಪ್ಪತ್ತು ದಾಟಿದ ಮುದುಕಿ. ಪ್ರಾಯದಲ್ಲಿ ಮಡಿವಾಳದ ಸಂತೆಯಲ್ಲಿ ಸೊಪ್ಪು ಮಾರಿದವರು. ಮಗ ಎಷ್ಟು ಹೇಳಿದರೂ ಕೇಳದೆ ಹಿತ್ತಿಲ ಹಂಡೆಗೆ ಸೌದೆ ಉರಿ ಹಾಕಿ, ಊದುಗೊಳವೆಯಲ್ಲಿ ಊದುತ್ತ, ಹೊಗೆಯಲ್ಲೇ ಬಾಳಿದವರು. ಆ ಹೊಗೆ ಎದೆಯಲ್ಲಿ ಸೇರಿಕೊಂಡಿತ್ತು. ಒಂದು ಚಳಿಗಾಲ ಕೆಮ್ಮು ಕಫಕ್ಕೆ ತಿರುಗಿ, ಉಸಿರು ಮೇಲಕ್ಕೇ ನಿಂತು, ತುಟಿ ನೀಲಿಯಾದಾಗ ಬೈರಣ್ಣ ಓಡಿಬಂದದ್ದು ಸೋಮಲಿಂಗಪ್ಪನವರ ಬಾಗಿಲಿಗೆ. ಇಬ್ಬರೂ ಸೇರಿ ಆಕೆಯನ್ನು ಜಯನಗರಕ್ಕೆ ಸಾಗಿಸಿದರು. ಐಸಿಯು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಶಾಲಿನಿ ಗಂಟಲಿಗೆ ನಳಿಗೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ನಾಲ್ಕಾರು ದಿನಗಳಲ್ಲಿ ಮುದುಕಿ ಕಣ್ಣು ಬಿಟ್ಟು, ಬಂದವರ ಗುರುತು ಹಿಡಿಯುವಂತಾದರು. ಇನ್ನೇನು ನಳಿಗೆ ತೆಗೆಯಬಹುದು, ರಕ್ತದ ಲೆಕ್ಕವೊಂದು ಸರಿಬರಲಿ ಎಂಬ ಹಂತಕ್ಕೆ ಬಂದಾಗಲೇ ಪ್ರಯೋಗಶಾಲೆಯ ಸಿಲಿಂಡರಿನ ಮುಳ್ಳು ಕೆಳಗಿಳಿದು, ಹೊಸದನ್ನು ಜೋಡಿಸಬೇಕಾಯಿತು.

ಅಂದು ಬೈರಣ್ಣ ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತಿದ್ದರಂತೆ. ತಾಯಿಯ ರಕ್ತ ತೆಗೆದಾಗಿತ್ತು, ಸಿರಿಂಜು ಐಸಿನ ಬಟ್ಟಲಲ್ಲಿ ಕಾಯುತ್ತಿತ್ತು. “ಸಾರ್, ಬೇಗ ಆಗತ್ತಾ? ರಿಪೋರ್ಟ್ ಬಂದ್ರೆ ಪೈಪ್ ತೆಗೀತೀವಿ ಅಂದವ್ರೆ. ಸ್ವಲ್ಪ ಬೇಗ ಮಾಡಿ ಸಾರ್, ಮನೆಯವ್ರು ಅಂತ ಅಂದ್ಕೊಳ್ಳಿ” ಎಂದು ಮತ್ತೆ ಮತ್ತೆ ಅಂಗಲಾಚಿದರು. ಸೋಮಲಿಂಗಪ್ಪನವರು ಸಿಲಿಂಡರನ್ನು ತಣಿಯಲು ಬಿಡಲಿಲ್ಲ. ಸೋರಿಕೆ ನೋಡಿದರು, ನಳಿಗೆ ತೊಳೆದರು. ಆದರೆ ಹಳೆಯದರೊಡನೆ ತಾಳೆ ನೋಡುವುದನ್ನು ಬಿಟ್ಟು, ಅದನ್ನು ಕಳಚಿ ಹಿಂದಕ್ಕೆ ಸಾಗಿಸಿ, ರಕ್ತ ಪರೀಕ್ಷಿಸುವ ಹುಡುಗನಿಗೆ “ಇನ್ನ ಹಚ್ಚರಿ” ಎಂದರು. ಲೇಬಲ್ಲಿನ ಮೇಲಿದ್ದ ಅಂಕಿಗಿಂತ ಒಳಗಿನ ಅಂಶ ಕಡಿಮೆಯಿತ್ತು. ಆದರೆ ಯಂತ್ರ ತಕರಾರೆತ್ತುವಷ್ಟು ಕಡಿಮೆಯಿರಲಿಲ್ಲ. ಅದು ಒಪ್ಪಿಕೊಂಡಿತು. ಮುದುಕಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ ಹೆಚ್ಚೇ ಇದೆಯೆಂದು ಹೇಳಿತು. ಮರುದಿನವೂ ಹಾಗೆಯೇ ಹೇಳಿತು, ಅದರ ಮರುದಿನವೂ; ನಳಿಗೆ ಗಂಟಲಲ್ಲೇ ಉಳಿಯಿತು.

ನಾನು ಆ ದಿನಗಳಲ್ಲೇ ಆಕೆಯನ್ನು ನೋಡಲು ಹೋಗಿದ್ದೆ. ಬಾಯಿಯಲ್ಲಿ ನಳಿಗೆ, ಮಾತಿಲ್ಲ. ಎರಡೂ ಮುಂಗೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಕೈಯಾಡಿಸಿ ಗಲಾಟೆ ಮಾಡುತ್ತಾರೆ, ನಳಿಗೆ ಕಿತ್ತುಕೊಂಡರೆ ಅಪಾಯ ಎಂದು ನರ್ಸ್ ವಿವರಿಸಿದಳು. ಕಣ್ಣುಗಳು ಮಾತ್ರ ನನ್ನನ್ನು ಬಿಡದೆ ನೋಡುತ್ತಿದ್ದವು. ಬೈರಣ್ಣ ತಲೆ ತಗ್ಗಿಸಿಕೊಂಡು, “ಅವ್ವಂಗೆ ಸ್ವಲ್ಪ ತಲೆ ಏರುಪೇರಾಗೈತೆ ಮೇಷ್ಟ್ರೇ, ಪೈಪ್ ತೆಗೀರಿ ಅಂತ ಒಂದೇ ಹಟ” ಎಂದರು.

ಡಾಕ್ಟರ್ ಶಾಲಿನಿ ಎಚ್ಚರದ ಹೆಂಗಸು. ಒಂದು ಬೆಳಗ್ಗೆ ಟೀ ಕುಡಿಯುತ್ತ ಸೋಮಲಿಂಗಪ್ಪನವರೊಡನೆ ಅಂದರಂತೆ: “ಅಜ್ಜೀನ ನೋಡಿದ್ರೆ ಆರಾಮಾಗಿದಾರೆ, ರಿಪೋರ್ಟ್ ನೋಡಿದ್ರೆ ಇಲ್ಲ. ನಂಗೆ ಎರಡೂ ಸೇರ್ತಾನೇ ಇಲ್ಲ ಸೋಮಲಿಂಗಪ್ಪ. ಮಷೀನ್ ಸರಿಯಾಗಿದೆ ತಾನೆ?”

ಸೋಮಲಿಂಗಪ್ಪನವರು ಟೀ ಲೋಟವನ್ನು ಹಾಗೆಯೇ ಇಟ್ಟು ಕಟ್ಟಡದ ಹಿಂಬದಿಗೆ ಹೋದರು. ಖಾಲಿ ಸಿಲಿಂಡರುಗಳು ಲಾರಿಗಾಗಿ ಕಾಯುವ ಜಾಗ ಅದು. ಹಳೆಯದು ಇನ್ನೂ ಅಲ್ಲೇ ಇತ್ತು, ತಳದಲ್ಲಿ ಒಂದಿಷ್ಟು ಅನಿಲವೂ ಉಳಿದಿತ್ತು. ಅದನ್ನು ಹೆಗಲ ಮೇಲೆ ಹೊತ್ತು ತಂದು, ಅಂದು ಬಿಟ್ಟಿದ್ದ ಹೆಜ್ಜೆಯನ್ನು ಇಂದು ಇಟ್ಟರು. ಹಳೆಯದರಿಂದ ಪಾಠ ಕಲಿತ ಯಂತ್ರ, ಹೊಸದನ್ನು ಕೇಳಿದಾಗ, ಲೇಬಲ್ಲಿಗಿಂತ ಕಡಿಮೆ ಹೇಳಿತು. ಎರಡನೆಯ ಸಲ ಕೇಳಿದಾಗಲೂ ಅಷ್ಟನ್ನೇ ಹೇಳಿತು. ಅವರು ಸೀದಾ ಐಸಿಯುಗೆ ಹೋಗಿ ಡಾಕ್ಟರಿಗೆ ತಿಳಿಸಿದರು. ಅಂದು ಸಂಜೆಯೊಳಗೆ ಮುನಿವೆಂಕಟಮ್ಮನ ಕೈಕಟ್ಟು ಬಿಚ್ಚಿ, ನಳಿಗೆ ತೆಗೆದರು. ಆ ದಿನಗಳಲ್ಲಿ ಯಂತ್ರ ಹೇಳಿದ್ದ ಮಿಕ್ಕ ರೋಗಿಗಳ ಲೆಕ್ಕವನ್ನೆಲ್ಲ ಡಾಕ್ಟರು ಮತ್ತೆ ತರಿಸಿ ನೋಡಿದರು. ಪುಣ್ಯಕ್ಕೆ ಬೇರೆ ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ.

“ತಪ್ಪು ಸಪ್ಲೈಯರ್ದು. ಲೇಬಲ್ ಹಾಕಿದ್ದು ಅವರು. ನೀವು ಇದನ್ನ ಮನಸ್ಸಿಗೆ ಹಚ್ಕೋಬೇಡಿ” ಎಂದರು ಡಾಕ್ಟರು.

“ಲೇಬಲ್ ಅವರ್ದರಿ ಮೇಡಂ. ನಂಬಿದ್ದು ನಾನು.”

ಮುದುಕಿ ಮನೆಗೆ ಬಂದರು. ಗಂಟಲು ಒಡೆದ ಕೊಳಲಿನಂತಾಗಿತ್ತು, ಮುಂಗೈಯಲ್ಲಿ ಕಟ್ಟಿನ ಗುರುತು ಕಪ್ಪಗೆ ಉಳಿದಿತ್ತು. ಅದನ್ನು ಬಿಟ್ಟರೆ ಕ್ಷೇಮ. ವಠಾರಕ್ಕೆಲ್ಲ ಸಿಹಿ ಹಂಚಿದ ಬೈರಣ್ಣ ಸೋಮಲಿಂಗಪ್ಪನವರ ಮನೆಗೆ ಒಂದು ತಟ್ಟೆ ಹೆಚ್ಚಾಗಿಯೇ ಕಳಿಸಿದರು. ಆ ತಟ್ಟೆ ಅವರ ಮನೆಯಲ್ಲಿ ಹಾಗೆಯೇ ಮುಚ್ಚಿಟ್ಟಲ್ಲೇ ಇತ್ತು. ಹುಲಿಗೆವ್ವ ಮೆಟ್ಟಿಲ ಬಳಿ ನನ್ನನ್ನು ತಡೆದು ಸಂಗತಿಯೆಲ್ಲ ಹೇಳಿದ್ದು ಅಂದೇ.

“ಸರಾ, ನೀವರ ಒಂದ್ ಮಾತ ಹೇಳ್ರಿ ಇವರಿಗೆ. ಮುದುಕಿ ಮನಿಗಿ ಬಂದಾಳ, ಆರಾಮ ಅದಾಳ. ಈಗ ಹೋಗಿ ನಂದ ತಪ್ಪು ಅಂದ್ರ ಯಾರಿಗೆ ಏನ ಸಿಕ್ತೈತಿ? ಈ ಊರಾಗ ನಮಗ ಯಾರದಾರ? ಇರೂ ಒಂದ ಮನಿ, ಅದೂ ಅವ್ರದ.”

ಆಕೆಯ ಪ್ರಶ್ನೆಯಲ್ಲಿ ಹುರುಳಿತ್ತು. ಸಂಸಾರ ನಡೆಸುವವಳು ಕೇಳಲೇಬೇಕಾದ ಪ್ರಶ್ನೆ ಅದು. ಸೋಮಲಿಂಗಪ್ಪನವರು ಒಳಗೆ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ ಹೆಂಡತಿಗೆ ಹೇಳಿದರು: “ಆಕಿ ಕೈ ಕಟ್ಟಿದ್ದು ನಾ ನೋಡೀನಿ. ಯಾಕ ಕಟ್ಟಿದ್ರು ಅನ್ನೂದು ಆಕಿಗೆ ಗೊತ್ತಾಗಬೇಕಲ್ಲ.” ನನ್ನ ಕಡೆ ತಿರುಗಿ, “ಸುಮ್ನ ಜೋಡಿ ಬರ್ರಿ ಸರ. ನೀವೇನೂ ಮಾತಾಡೂದು ಬ್ಯಾಡ” ಎಂದರು.

ಭಾನುವಾರದ ಬೆಳಗ್ಗೆ. ಬೈರಣ್ಣ ಅಂಗಳದಲ್ಲಿ ಸ್ಕೂಟರು ತೊಳೆಯುತ್ತಿದ್ದರು. ಸೋಮಲಿಂಗಪ್ಪನವರು ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು ಹೇಳಿದರು:

“ಬೈರಣ್ಣಾರ, ನಿಮ್ಮ ತಾಯಿ ಹೆಚ್ಚಿನ ದಿನ ಆ ನಳಿಗಿ ಹಾಕ್ಕೊಂಡು ಮಲಗಿದ್ದು ನನ್ನಿಂದರಿ.”

“ಏನ್ ಸಾರ್, ಹಂಗಂದ್ರೆ?”

“ಹೊಸಾ ಸಿಲಿಂಡರ್ ಹಚ್ಚೂಮುಂದ ಹಳೇದರ ಜೋಡಿ ತಾಳೆ ನೋಡಬೇಕಾಗಿತ್ತು. ನೋಡ್ಲಿಲ್ಲ. ಮಷೀನು ತಪ್ಪ ಲೆಕ್ಕ ಕೊಡ್ತು, ಡಾಕ್ಟರು ಅದನ್ನ ನಂಬಿದ್ರು. ಅವ್ವಾರು ಮೊದಲೇ ಆರಾಮ ಆಗಿದ್ರು.”

ಅವಸರಪಡಿಸಿದ್ದು ಯಾರು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಆ ಸಂಗತಿ ನನಗೆ ಹುಲಿಗೆವ್ವನಿಂದ ತಿಳಿದಿತ್ತು. ಅವರು ಹೇಳಬಹುದೆಂದು ಕಾದೆ. ಹೇಳಲಿಲ್ಲ.

ಬೈರಣ್ಣನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದರು. “ನಮ್ಮವ್ವನ ಕೈ ಮಂಚಕ್ಕೆ ಕಟ್ಟಾಕಿದ್ರು ಸಾರ್! ಕಟ್ಲಾ ಅಂತ ನನ್ನ ಕೇಳುದ್ರು, ನಾನು ಹೂಂ ಅಂದೆ. ಹೆತ್ತವಳ ಕೈ ಕಟ್ಟಾಕೋಕೆ ನಾನೇ ಹೂಂ ಅಂದೆ! ಇವತ್ ಬಂದು ತಾಳೆ ನೋಡ್ಲಿಲ್ಲ ಅಂತೀರಾ? ನಿಮ್ಮುನ್ನ ನಮ್ಮನೆಯವ್ರು ಅಂತ ಅಂದ್ಕೊಂಡಿದ್ವಲ್ಲ ಸಾರ್. ಮನೆ ಖಾಲಿ ಮಾಡಿ. ನಿಮ್ಮ ಮುಖ ನೋಡ್ಕೊಂಡು ನಾನಿರಾಕಾಗಲ್ಲ.”

“ಮಾಡ್ತೀನ್ರಿ” ಎಂದರು ಸೋಮಲಿಂಗಪ್ಪನವರು. ಅವರು ತಡೆಯದೆ ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

ಒಳಗಿನಿಂದ ಗೊಗ್ಗರು ದನಿ ಬಂತು: “ಯಾರ್ಲಾ ಅದು ಬೈರ?” ಮುನಿವೆಂಕಟಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ಕುಳಿತರು. ಮಗ ಹೇಳಲು ಹೊರಟಾಗ ಕೈಯೆತ್ತಿ ತಡೆದು, “ನೀನ್ ಸುಮ್ಕಿರು. ಅವ್ರು ಯೋಳ್ಲಿ” ಎಂದರು. ಸೋಮಲಿಂಗಪ್ಪನವರು ಮೊದಲಿಂದ ಮತ್ತೆ ಹೇಳಿದರು. ಮುದುಕಿ ಯಂತ್ರದ ವಿಚಾರವನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ. ಆಕೆಗೆ ಬೇಕಾದದ್ದು ಅದರೊಳಗೆ ಒಂದೇ ಒಂದಿತ್ತು.

“ಅಂದ್ರೆ, ನಾನ್ ನೆಟ್ಟಗಿದ್ದೆ ಅನ್ನು.”

“ಹೌದವ್ವ. ನೆಟ್ಟಗಿದ್ರಿ.”

“ಉಸ್ರು ಚೆನ್ನಾಗೇ ಬತ್ತಿತ್ತು.”

“ಹೌದ್ರಿ.”

ಆಕೆ ಮಗನತ್ತ ತಿರುಗಿದರು. “ಕೇಳ್ದೇನ್ಲಾ? ಕೈ ಕಟ್ಟೋಕ್ ಮುಂಚೆ ಎಷ್ಟ್ ಕಿತ ಸನ್ನೆ ಮಾಡ್ದೆ, ತೆಗೀರಪ್ಪ ಇದ, ನಾನ್ ಸರೀಗಿವ್ನಿ ಅಂತ. ನೀನು ಅವ್ವಂಗೆ ತಲೆ ಕೆಟ್ಟೈತೆ ಅಂದೆ. ಡಾಕ್ಟ್ರಮ್ಮ ಚೀಟಿ ತೋರ್ಸುದ್ಲು. ಎಲ್ರೂ ಒಂದೇ ಮಾತ್ ಅಂದ್ರೆ ಏನ್ ಮಾಡಾದು? ನಂಗೇ ಅನುಮಾನ ಬಂದ್ಬುಡ್ತು ಕಣಪ್ಪ, ನನ್ ಉಸ್ರು ನಂಗೇ ತಿಳೀದಂಗಾಯ್ತಾ, ನಿಜ್ವಾಗ್ಲೂ ಹುಚ್ಚಿಡೀತಾ ಅಂತ. ಮನೆಗ್ ಬಂದ್ಮೇಲೂ ಅದೇ ಯೋಚ್ನೆ. ನಿದ್ದೆ ಬರಾಕಿಲ್ಲ.”

ಬೈರಣ್ಣ ಸ್ಕೂಟರಿನ ಸೀಟನ್ನು ನೋಡುತ್ತ ನಿಂತಿದ್ದರು.

“ಬುಡು” ಎಂದರು ಮುದುಕಿ ಸೋಮಲಿಂಗಪ್ಪನವರಿಗೆ. “ಮನೆಗಿನೆ ಖಾಲಿ ಮಾಡ್ಬೇಡ. ಕ್ವಾಪ ಐತೆ ನಂಗೆ, ಇಲ್ಲ ಅನ್ನಾಕಿಲ್ಲ. ಆದ್ರೂ ಬಂದು ಯೋಳ್ದೆ. ಆ ಡಾಕ್ಟ್ರಮ್ಮಂಗೂ ಯೋಳು, ಮುದ್ಕಿ ಸುಳ್ ಸನ್ನೆ ಮಾಡ್ಲಿಲ್ಲ ಅಂತ.”

“ಹೇಳ್ತೀನವ್ವ” ಎಂದರು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು.

ಅವರು ಹೇಳಿದರು. ಮುಂದಿನ ವಾರ ಡಾಕ್ಟರ್ ಶಾಲಿನಿ ತಾವೇ ಬಂದು ಜಗಲಿಯ ಮೇಲೆ ಮುದುಕಿಯ ಪಕ್ಕ ಕುಳಿತು, ಆ ಮುಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಿ ಹೋದರು. ನರ್ಸಿಂಗ್ ಹೋಮಿನ ಆಡಳಿತದವರಿಗೆ ಮಾತ್ರ ಇದು ಹಿಡಿಸಲಿಲ್ಲ. ಒಳಗೇ ಮುಗಿದ ವಿಷಯವನ್ನು ರೋಗಿಯ ಮನೆಯವರೆಗೆ ಒಯ್ದದ್ದೇಕೆಂದು ಕೇಳಿ, ಐಸಿಯು ಯಂತ್ರಗಳನ್ನು ಅವರ ಕೈಯಿಂದ ತೆಗೆದು ಹೊರಗಿನ ಕಂಪನಿಯೊಂದಕ್ಕೆ ವಹಿಸಿದರು. ಸೋಮಲಿಂಗಪ್ಪನವರು ಗೊಣಗದೆ ತೂಕದ ಯಂತ್ರ, ಬಿಪಿ ಉಪಕರಣ, ಕೈಗಾಡಿಗಳ ಚಕ್ರ ಇವುಗಳನ್ನು ರಿಪೇರಿ ಮಾಡಿಕೊಂಡಿದ್ದರು. ಡಾಕ್ಟರು ಪಟ್ಟು ಹಿಡಿದು ಕೇಳಿದ್ದರಿಂದ, ಮುಂದೆ ಯಾವಾಗಲೋ ಹಳೆಯ ಕೆಲಸ ಮರಳಿ ಬಂತು. ಹಾಗೆ ಬಂದಾಗ ಅವರಲ್ಲಿ ಒಂದು ಬದಲಾವಣೆ ಕಂಡೆ: ಮೊದಲೆಲ್ಲ ಯಂತ್ರದ ಬಳಿಯೇ ಇರುತ್ತಿದ್ದವರು, ಈಗ ಸಿಲಿಂಡರು ಬದಲಿಸಿದ ದಿನಗಳಲ್ಲಿ ಐಸಿಯುಗೆ ಹೋಗಿ ರೋಗಿಗಳ ಮುಖವನ್ನೂ ನೋಡಿ ಬರುತ್ತಿದ್ದರು.

ಬೈರಣ್ಣ ಬಹಳ ಕಾಲ ಅವರೊಡನೆ ಮಾತು ಬಿಟ್ಟಿದ್ದರು. ಎದುರಾದರೆ ಅಂಗಡಿಯ ಕಡೆ ಮುಖ ತಿರುಗಿಸುವರು. ಒಂದು ದಿನ ನಾನು ಮೊಳೆ ಕೊಳ್ಳಲು ಹೋದಾಗ, ತೂಗುತ್ತ ತೂಗುತ್ತ ಕೈ ನಿಲ್ಲಿಸಿ ತಾವಾಗಿಯೇ ಅಂದರು: “ಅವತ್ತು ಬಾಗ್ಲಲ್ಲಿ ನಿಂತ್ಕೊಂಡು ಬೇಗ ಬೇಗ ಅಂತ ಪ್ರಾಣ ತಿಂದವನು ನಾನೇ ಅಲ್ವಾ ಮೇಷ್ಟ್ರೇ? ಆ ಮನುಷ್ಯ ಅದ್ನ ಒಂದ್ ಸಲನಾದ್ರೂ ಎತ್ತುದ್ರಾ?” ಎತ್ತಲಿಲ್ಲವೆಂದೆ. ಅವರು ಪೊಟ್ಟಣ ಕಟ್ಟಿ ಕೊಟ್ಟರು. ಆ ಯುಗಾದಿಗೆ ಹೋಳಿಗೆಯ ಡಬ್ಬಿಯೊಂದು ಕೆಳಗಿನ ಮನೆಗೆ ಹೋಯಿತು. ಈ ಸಲ ಬೈರಣ್ಣನೇ ಹಿಡಿದುಕೊಂಡು ಹೋಗಿದ್ದರು.

ಎರಡು ಸಾವಿರದ ನಂತರ ಕಾಲ ಬೇಗ ಬದಲಾಯಿತು. ಸಿಲಿಂಡರಿನ ಗೊಡವೆಯೇ ಇಲ್ಲದ, ಎಲ್ಲವನ್ನೂ ಡಬ್ಬಿಯೊಳಗೇ ತುಂಬಿಕೊಂಡು ಬರುವ ಯಂತ್ರಗಳು ಬಂದವು; ಮುಗಿದರೆ ಡಬ್ಬಿ ಎಸೆದು ಇನ್ನೊಂದನ್ನು ತುರುಕಿದರಾಯಿತು. ಸೋಮಲಿಂಗಪ್ಪನವರು ಇಟ್ಟಮಡುವಿನಲ್ಲಿ ಚಿಕ್ಕದೊಂದು ಮನೆ ಕಟ್ಟಿಕೊಂಡು ಹೋದರು. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಹೊಸ ಯಂತ್ರಗಳು ಹೇಗಿವೆಯೆಂದು ಕೇಳಿದೆ. “ಚಲೋ ಅದಾವ್ರಿ. ಕೆಲಸ ಭಾಳ ಕಡಿಮಿ ಆತು” ಎಂದವರು, ಆಮೇಲೆ, “ಆದ್ರ ಡಬ್ಬಿ ತುಂಬಿದವ ಯಾರು ಅಂತ ಗೊತ್ತಿಲ್ಲ ನೋಡ್ರಿ” ಎಂದರು. ಅದು ಆಕ್ಷೇಪವಾಗಿರಲಿಲ್ಲ. ಆ ಕಾಣದ ಮನುಷ್ಯನ ಬಗ್ಗೆ ಒಂದು ಬಗೆಯ ಕಾಳಜಿ ಆ ದನಿಯಲ್ಲಿತ್ತು.

ನಮ್ಮ ದಿನನಿತ್ಯದ ಬದುಕು ಯಾರೋ ಹೇಳಿದ ಅಂಕಿಗಳನ್ನು ನಂಬಿ ನಡೆಯುತ್ತದೆ. ಹಾಲಿನ ಗಟ್ಟಿತನ, ಪೆಟ್ರೋಲಿನ ಅಳತೆ, ಮಗುವಿನ ಜ್ವರ, ಮುದುಕಿಯೊಬ್ಬಳ ಉಸಿರು, ಎಲ್ಲದರ ಹಿಂದೆಯೂ ಒಬ್ಬ ಮನುಷ್ಯ ಒಂದು ಬೆಳಗ್ಗೆ ಒಂದು ತಿರುಪನ್ನು ಬಿಗಿದಿರುತ್ತಾನೆ. ಅವನ ಹೆಸರು ನಮಗೆ ತಿಳಿದಿರುವುದಿಲ್ಲ, ತಿಳಿಯುವ ಅಗತ್ಯವೂ ಬೀಳುವುದಿಲ್ಲ. ಬೀಳುವುದು ಅವನ ಕೈ ತಪ್ಪಿದ ದಿನ; ಆ ದಿನ ಮರೆಯಲ್ಲಿ ಉಳಿಯುವುದು ಎಷ್ಟು ಸುಲಭವೆಂಬುದೂ ಅವನೊಬ್ಬನಿಗೇ ಗೊತ್ತಿರುತ್ತದೆ. ತಪ್ಪದ ಕೈಯನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಯಂತ್ರದ ಮಾತಿಗಿಂತ ಮಂಚದ ಮೇಲಿನ ಜೀವದ ಮಾತು ನಿಜವಾಗಿತ್ತೆಂದು ಹೇಳಲು ಯಾರೂ ಕರೆಯದೆಯೇ ನಡೆದುಬಂದು, ಬರಿಗಾಲಲ್ಲಿ ಅಂಗಳದ ನೀರಿನಲ್ಲಿ ನಿಲ್ಲುವವರು ಕೆಲವರಿರುತ್ತಾರೆ. ಅಂಥವರು ಅಲ್ಲಲ್ಲಿ ಇದ್ದಾರೆಂಬ ಧೈರ್ಯದ ಮೇಲೆಯೇ ಮಿಕ್ಕ ಅಂಕಿಗಳನ್ನೆಲ್ಲ ನಾವು ನಂಬಿ ಮಲಗುತ್ತೇವೆ.